ಈಗ ಏನು ಓದುತ್ತಿದ್ದೀಯಾ ಎಂದು ಕೇಳಿದಾಗ

ಮಗಳೇ,

ನಿನ್ನ ಪತ್ರದಲ್ಲಿ ಬೇಕಾದಷ್ಟು ಸುದ್ದಿ ಇತ್ತು. ಆದರೆ ನನ್ನ ಕಣ್ಣು ಹೋಗಿ ನಿಂತದ್ದು ಕೊನೆಯ ಪುಟದ ಒಂದು ಸಾಲಿನಲ್ಲಿ. ‘ಈಗ ಏನು ಓದ್ತಿದ್ದೀಯಾ ಅಂತ ನಮ್ಮ ಓದೋ ಗುಂಪಿನವರು ಕೇಳಿದಾಗ ಓದ್ತಿರೋ ಪುಸ್ತಕದ ಹೆಸರು ಹೇಳೋಕೆ ಹೆದರಿಕೆ ಆಯ್ತು ದೊಡ್ಡಮ್ಮ, ನಂದು ತುಂಬ ಹಗುರವಾದ ಪುಸ್ತಕ, ಅದಕ್ಕೆ ಬೇರೆ ಯಾವುದೋ ದೊಡ್ಡ ಪುಸ್ತಕದ ಹೆಸರು ಹೇಳಿಬಿಟ್ಟೆ’ ಎಂದು ಬರೆದಿದ್ದೀಯಲ್ಲ, ಆ ಸಾಲು. ಉಳಿದದ್ದಕ್ಕೆಲ್ಲ ನಿಮ್ಮಮ್ಮ ಫೋನಿನಲ್ಲೇ ಉತ್ತರ ಕೊಟ್ಟಿರುತ್ತಾಳೆ. ಅದರ ಗೊಡವೆಗೆ ನಾನು ಹೋಗುವುದಿಲ್ಲ.

ಸುಳ್ಳು ಹೇಳಿದೆಯಲ್ಲ ಎಂದು ಬೈಯಲು ಕೂತಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ. ಓದುವವರ ನಡುವೆ ಕೂತಾಗಲೂ ಓದುತ್ತಿರುವುದನ್ನು ಬಚ್ಚಿಡಬೇಕು ಎಂದು ನಿನಗೆ ಅನ್ನಿಸಿತಲ್ಲ, ನನಗೆ ಕಳವಳವಾದದ್ದು ಅದಕ್ಕೆ. ಅದರ ಕೆಳಗೇ ಇನ್ನೊಂದು ಮಾತು ಬರೆದಿದ್ದೀಯ. ಈಚೆಗೆ ಪುಸ್ತಕ ಆರಿಸುವಾಗಲೇ ‘ಇದನ್ನು ಅವರೆದುರು ಹೇಳಬಹುದಾ’ ಎಂಬ ಯೋಚನೆ ಬರುತ್ತದೆ ಎಂದು. ಅದನ್ನು ಓದಿದ ಮೇಲೆ ಪತ್ರ ಮಡಿಸಿಟ್ಟು ಸುಮಾರು ಹೊತ್ತು ಓಡಾಡಿದೆ.

ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ನಿನ್ನ ವಯಸ್ಸಿನಲ್ಲಿ ನಾನು ಪತ್ತೇದಾರಿ ಕಾದಂಬರಿಗಳನ್ನೂ ವಾರಪತ್ರಿಕೆಗಳ ಧಾರಾವಾಹಿಗಳನ್ನೂ ಬಿಡದೆ ಓದುತ್ತಿದ್ದೆ. ಪುಸ್ತಕಪ್ರಿಯರು ಸೇರಿದ್ದ ಒಂದು ಕಡೆ ಅದನ್ನು ಹೇಳಿಯೂ ಹೇಳಿದೆ. ತುಂಬ ಓದಿಕೊಂಡಿದ್ದ ಹಿರಿಯರೊಬ್ಬರು ‘ಅದನ್ನೂ ಓದು ಅಂತಾರಾ?’ ಎಂದು ನಕ್ಕುಬಿಟ್ಟರು. ಮನುಷ್ಯ ಕೆಟ್ಟವರೇನಲ್ಲ, ಮನೆ ಸೇರುವಷ್ಟರಲ್ಲಿ ಮರೆತೂ ಇದ್ದಾರು. ನಾನು ಮರೆಯಲಿಲ್ಲ. ಆಮೇಲೆ ಎಲ್ಲ ಪುಸ್ತಕಗಳಿಗೂ ಹಳೇ ಪೇಪರಿನ ಬೈಂಡು ಹಾಕತೊಡಗಿದೆ. ಯಾರಾದರೂ ಕೇಳಿದರೆ ಪುಸ್ತಕ ಕೊಳೆಯಾಗಬಾರದು ಅದಕ್ಕೆ ಎನ್ನುತ್ತಿದ್ದೆ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಒಬ್ಬಾಕೆ ಇದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಅವಳೂ ಓದುತ್ತಿದ್ದಳು, ನಾನೂ ಓದುತ್ತಿದ್ದೆ. ಅವಳ ಪುಸ್ತಕಗಳಿಗೂ ಬೈಂಡು. ವರ್ಷಗಟ್ಟಲೆ ಸಂಬಳ, ಮಕ್ಕಳು, ವರ್ಗಾವಣೆ ಎಲ್ಲದರ ಬಗ್ಗೆ ಮಾತಾಡಿದೆವು. ಪುಸ್ತಕದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅವಳು ನಿವೃತ್ತಿಯಾದ ದಿನ ಡ್ರಾಯರ್ ಖಾಲಿ ಮಾಡುವಾಗ ಒಂದು ಪುಸ್ತಕ ಕೆಳಗೆ ಬಿದ್ದು ಬೈಂಡು ಹರಿಯಿತು. ಎತ್ತಿಕೊಡಲು ಬಗ್ಗಿದೆ. ನೋಡಿದರೆ ನಾನು ಒಂದೂ ಬಿಡದೆ ಓದಿದ್ದ ಪತ್ತೇದಾರಿ ಸರಣಿಯದೇ ಪುಸ್ತಕ! ‘ನೀವೂನಾ?’ ಎಂದಳು. ಅಷ್ಟರಲ್ಲಿ ಬೀಳ್ಕೊಡುಗೆಗೆ ಕರೆದರು. ಆಮೇಲೆ ಅವಳು ಮಗನ ಜೊತೆ ಇರಲು ದೂರ ಹೋದಳು. ಎಷ್ಟು ಮಧ್ಯಾಹ್ನಗಳು ಹೋದವು ಮಗಳೇ. ಕೊಲೆ ಮಾಡಿದವರು ಯಾರು ಎಂದು ಪ್ರತಿ ಪುಸ್ತಕಕ್ಕೂ ನಾವಿಬ್ಬರು ಪಂದ್ಯ ಕಟ್ಟಬಹುದಿತ್ತು.

ನಿನ್ನ ಹೆದರಿಕೆಗೇ ಬರುತ್ತೇನೆ. ಅದು ಬಹಳ ಹಳೆಯದು. 4ನೇ ಶತಮಾನದ ಕೊನೆಯಲ್ಲಿ ಮಿಲಾನ್ ನಗರದಲ್ಲಿ ಆಂಬ್ರೋಸ್ ಎಂಬ ಬಿಷಪ್ ಇದ್ದರು. ಅವರು ಓದುವುದನ್ನು ಕಣ್ಣಾರೆ ಕಂಡ ಸಂತ ಆಗಸ್ಟೀನ್ ಅದನ್ನು ತಮ್ಮ ಜೀವನಕಥೆಯಲ್ಲಿ ಬರೆದಿಟ್ಟಿದ್ದಾರೆ. ಆಂಬ್ರೋಸರ ಕಣ್ಣು ಪುಟದ ಮೇಲೆ ಓಡುತ್ತಿತ್ತು, ಆದರೆ ದನಿ ಹೊರಡುತ್ತಿರಲಿಲ್ಲ, ನಾಲಿಗೆ ಅಲುಗುತ್ತಿರಲಿಲ್ಲ. ನೋಡಲು ಬಂದವರು ಸದ್ದಿಲ್ಲದೆ ಕೂತಿದ್ದು ಎದ್ದು ಹೋಗುತ್ತಿದ್ದರು. ಹೀಗೇಕೆ ಮನಸ್ಸಿನಲ್ಲೇ ಓದುತ್ತಾರೆ ಎಂದು ಆಗಸ್ಟೀನ್ ಊಹೆ ಮಾಡುತ್ತಾರೆ. ಬೇಗ ಒಡೆಯುವ ಗಂಟಲನ್ನು ಕಾಪಾಡಿಕೊಳ್ಳಲು ಇರಬಹುದು. ಇಲ್ಲವೇ, ಗಟ್ಟಿಯಾಗಿ ಓದಿದರೆ ಕೇಳುತ್ತ ಕೂತವರು ಯಾವುದೋ ಕಠಿಣ ಭಾಗ ಹಿಡಿದು ಅರ್ಥ ಹೇಳಿ ಎಂದಾರು ಎಂಬ ಅಳುಕು ಇರಬಹುದು. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಅಂಥ ಪಂಡಿತರಿಗೂ ‘ಯಾರಾದರೂ ಕೇಳಿಬಿಟ್ಟರೆ’ ಎಂಬ ಅಳುಕು ಇದ್ದಿರಬಹುದು ಎಂದು ಹತ್ತಿರದಿಂದ ನೋಡಿದವರಿಗೇ ಅನ್ನಿಸಿತ್ತಲ್ಲ.

ಪುಸ್ತಕದ ಹೆಸರು ಕೇಳಿದ ಕೂಡಲೇ ನಿನ್ನನ್ನು ಅಳೆದುಬಿಡುತ್ತಾರೆ ಎಂದು ನಿನ್ನ ಹೆದರಿಕೆ. ಅಳೆಯುವವರು ಇದ್ದೇ ಇರುತ್ತಾರೆ, ಇಲ್ಲವೆಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಆದರೆ ಅದೇ ಗುಂಪಿನಲ್ಲಿ ಇಬ್ಬರೋ ಮೂವರೋ ನನ್ನ ಹಾಗೆ ಬೈಂಡು ಹಾಕಿಕೊಂಡೇ ಕೂತಿರುತ್ತಾರೆ. ನೀನು ಬಾಯಿಬಿಟ್ಟರೆ ಅವರೂ ಬಾಯಿಬಿಟ್ಟಾರು. ನನ್ನ ಪಕ್ಕದ ಮೇಜಿನವಳಿಗೆ ಆ ಉಪಕಾರವನ್ನು ನಾನು ಮಾಡಲಿಲ್ಲ.

ಎಸ್. ಆರ್. ರಂಗನಾಥನ್ ಹೆಸರು ಕೇಳಿದ್ದೀಯಲ್ಲ. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು. 1931ರಲ್ಲಿ ಅವರು ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟರು. ಅದರಲ್ಲಿ ಒಂದು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ. ಮುಂದಿನದು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ. ಐದರಲ್ಲಿ ಎಲ್ಲಿ ಹುಡುಕಿದರೂ ಘನವಾದ ಪುಸ್ತಕ, ಹಗುರ ಪುಸ್ತಕ ಎಂಬ ಭೇದ ಸಿಗುವುದಿಲ್ಲ. ಕಪಾಟಿನಲ್ಲಿ ಬಿದ್ದಿರುವ ಪುಸ್ತಕಕ್ಕೆ ಓದುಗ ಸಿಗುವುದು ಬಹಳ ಸಲ ಯಾರೋ ಒಬ್ಬರು ‘ನಾನಿದನ್ನು ಓದುತ್ತಿದ್ದೇನೆ’ ಎಂದು ಹೇಳಿದ್ದರಿಂದಲೇ ಅಲ್ಲವಾ? ನೀನು ಹೆಸರು ಮುಚ್ಚಿಟ್ಟರೆ ಆ ಪುಸ್ತಕಕ್ಕೂ ಅನ್ಯಾಯ.

ಇನ್ನೊಂದು ನೆನಪಾಯಿತು. 1865ರಲ್ಲಿ ಕ್ಯೂಬಾದ ಹವಾನಾದಲ್ಲಿ ಚುಟ್ಟಾ ಕಾರ್ಖಾನೆಯ ಕೆಲಸಗಾರರು ತಮ್ಮ ಕೂಲಿಯಲ್ಲೇ ಒಂದಿಷ್ಟು ಒಟ್ಟು ಮಾಡಿ, ಓದಿ ಹೇಳಲು ಒಬ್ಬನನ್ನು ಇಟ್ಟುಕೊಂಡರು. ಇವರು ಎಲೆ ಸುತ್ತುತ್ತಿದ್ದರೆ ಅವನು ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದುತ್ತಿದ್ದ. ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು, ಆದರೂ ಆ ಪದ್ಧತಿ ಮತ್ತೆ ಚಿಗುರಿಕೊಂಡಿತು. ಒಂದು ಕೋಣೆಯ ಜನವೆಲ್ಲ ಒಂದೇ ಪುಟದಲ್ಲಿ, ಮುಂದೇನು ಎಂದು ಒಟ್ಟಿಗೇ ಕಾಯುತ್ತ! ಅವರನ್ನು ನೆನೆದರೆ ನನಗೆ ಆಸೆಯಾಗುತ್ತದೆ.

ಉಪದೇಶ ಬೇಕು ಎಂದು ನೀನು ಕೇಳಿಲ್ಲ. ತೋಚಿದ್ದು ಒಂದೆರಡು ಬರೆಯುತ್ತೇನೆ, ಬೇಡವಾದರೆ ಬಿಡು. ಅವರು ಕೇಳುತ್ತಿರುವುದು ಇನ್ನೂ ಮುಗಿಯದ ಪುಸ್ತಕದ ಬಗ್ಗೆ. ಮುಗಿಯದ್ದರ ಮೇಲೆ ಅಭಿಪ್ರಾಯ ಒಪ್ಪಿಸಬೇಕಾಗಿಲ್ಲ. ಎಲ್ಲಿಗೆ ಬಂದಿದ್ದೀಯ ಎಂದಷ್ಟೇ ಹೇಳು. ‘ಅರ್ಧಕ್ಕೆ ಬಂದಿದ್ದೇನೆ, ಈ ತಮ್ಮನ ಮೇಲೆ ಯಾಕೋ ನನಗೆ ನಂಬಿಕೆ ಬರುತ್ತಿಲ್ಲ’ ಎಂದರೆ ಸಾಕು. ಪುಸ್ತಕದ ನಡುವೆ ಇರುವವರ ಮಾತಿಗೆ ಒಂದು ಬಿಸಿ ಇರುತ್ತದೆ. ಆಗ ಅನುಮಾನ, ಸಿಟ್ಟು, ಯಾವುದೋ ಪಾತ್ರದ ಮೇಲೆ ಬಂದ ಮಮತೆ ಎಲ್ಲ ಹಸಿಯಾಗಿರುತ್ತದೆ. ಮುಗಿಸಿ ಆರು ತಿಂಗಳಾದ ಮೇಲೆ ನಾವು ಆಡುವುದು ತೂಕದ ಮಾತು, ಅಷ್ಟು ಹೊತ್ತಿಗೆ ಆ ಬಿಸಿ ಆರಿಹೋಗಿರುತ್ತದೆ. ಮಾತು ತೋಚದಿದ್ದರೆ ಹಿಡಿಸಿದ ಒಂದು ಸಾಲನ್ನು ಓದಿಬಿಡು. ಅರ್ಧಕ್ಕೆ ಕೈಬಿಟ್ಟ ಪುಸ್ತಕವಿದ್ದರೆ ಅದನ್ನೂ ಹೇಳು. ಕೊನೆ ಮಾತ್ರ ಯಾರಿಗೂ ಬಿಟ್ಟುಕೊಡಬೇಡ. ನಿನ್ನ ಸರದಿ ಮುಗಿದ ಮೇಲೆ ಅವರನ್ನೂ ಕೇಳು. ಕೇಳಿಸಿಕೊಳ್ಳಲು ಕೂತಾಗ ಹೆದರಿಕೆ ಸ್ವಲ್ಪ ತಗ್ಗುತ್ತದೆ, ಅಷ್ಟು ಮಟ್ಟಿಗೆ ನಾನು ಬಲ್ಲೆ.

ಓದಿದ್ದನ್ನು ಹೇಳಿಕೊಂಡರೆ ಅದು ಉಳಿಯುತ್ತದಂತೆ. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಪರೀಕ್ಷಿಸಿ ನೋಡಿದರು. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಪುಟ ಮುಚ್ಚಿ ನೆನಪಿನಿಂದ ಹೊರತೆಗೆಯಲು ಯತ್ನಿಸಿದವರಿಗೆ ವಾರ ಕಳೆದ ಮೇಲೂ ಹೆಚ್ಚು ನೆನಪಿತ್ತು. ನಾನು ಬೈಂಡಿನೊಳಗೆ ಓದಿದ ಪುಸ್ತಕಗಳಲ್ಲಿ ಈಗ ಎಷ್ಟೋ ಹೆಸರುಗಳು ಕೂಡ ನೆನಪಿಗೆ ಬರುವುದಿಲ್ಲ. ಯಾರಿಗಾದರೂ ಹೇಳಿದ್ದರೆ ಒಂದಷ್ಟಾದರೂ ಉಳಿಯುತ್ತಿತ್ತೋ ಏನೋ.

ಮತ್ತೆ, ನೀನು ಹೆಸರು ಹೇಳಿದ ಆ ದೊಡ್ಡ ಪುಸ್ತಕ. ಆಡಿದ ಮಾತನ್ನು ನಿಜ ಮಾಡಬೇಕು ಎಂದು ಈಗ ಅದನ್ನು ಹಿಡಿದು ಕೂರಬೇಡ. ಹೆದರಿಕೆಗೆ ಓದಿದರೆ ಅದು ನಿನಗೆ ದಕ್ಕುವುದಿಲ್ಲ. ಮುಂದಿನ ಸಲ ಅವರು ಸೇರಿದಾಗ ನಿಜವಾದ ಹೆಸರು ಹೇಳು. ದನಿ ನಡುಗಿದರೆ ನಡುಗಲಿ. ಯಾರಾದರೂ ನಕ್ಕರೆ ನನಗೆ ಬರೆ, ನಾನಿದ್ದೇನೆ.

ಈಗ ನನ್ನ ಕೈಯಲ್ಲಿರುವುದು ಹಕ್ಕಿಗಳ ವಲಸೆಯ ಬಗ್ಗೆ ಒಂದು ಪುಸ್ತಕ. ಆರ್ಕ್ಟಿಕ್ ಟರ್ನ್ ಎಂಬ ಸಣ್ಣ ಹಕ್ಕಿ ಉತ್ತರ ಧ್ರುವದ ಕಡೆಯಿಂದ ದಕ್ಷಿಣ ಧ್ರುವದ ಕಡೆಗೆ ಹೋಗಿ ಪ್ರತಿ ವರ್ಷ ಮರಳಿ ಬರುತ್ತದೆ. ಆ ಅಧ್ಯಾಯದಲ್ಲೇ ನಿಂತಿದ್ದೇನೆ. ಕಣ್ಣು ಬೇಗ ದಣಿಯುತ್ತದೆ, ಹಾಗಾಗಿ ದಿನಕ್ಕೆ ಎರಡೋ ಮೂರೋ ಪುಟ. ಬೈಂಡು ಹಾಕಿಲ್ಲ. ಇಷ್ಟೆಲ್ಲ ಬರೆದ ಮೇಲೆ ಗಮನಕ್ಕೆ ಬಂತು, ಆ ಹಗುರವಾದ ಪುಸ್ತಕ ಯಾವುದು ಎಂದು ನೀನು ನನಗೂ ಹೇಳಿಲ್ಲ. ಮುಂದಿನ ಪತ್ರದಲ್ಲಿ ಹೆಸರು ಬರೆ, ಎಷ್ಟನೇ ಪುಟದಲ್ಲಿದ್ದೀಯ ಅದನ್ನೂ ಬರೆ.

ನಿನ್ನ ದೊಡ್ಡಮ್ಮ