ಬೆಳಕು ಸೋರುವ ಗ್ರೋ ಟೆಂಟ್: ಬಾಗಿಲು ಬದಲಿಸಿ ಕೊಡುವ ಬಗ್ಗೆ

ಇಂದ:
ಕೋಥ್ರೂಡ್, ಪುಣೆ

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: 4×4×6.5 ಅಡಿ ಗ್ರೋ ಟೆಂಟ್‌ನ (ಮನೆಯೊಳಗೆ ಗಿಡ ಬೆಳೆಸುವ ಬಟ್ಟೆಯ ಗೂಡು) ಜಿಪ್ ಮತ್ತು ಗಾಳಿಕಿಂಡಿಗಳಲ್ಲಿ ಬೆಳಕು ಸೋರುತ್ತಿರುವುದು

ಮಾನ್ಯರೇ,

‘ಟೇಪ್ ಅಂಟಿಸಿಕೊಳ್ಳಿ, ಸರಿಹೋಗುತ್ತದೆ’ ಎಂದು ನಿಮ್ಮವರು ಫೋನಿನಲ್ಲಿ ಹೇಳಿ ಮುಗಿಸಿದರು. ಟೇಪ್ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲೆಂದೇ ಈ ಪತ್ರ.

ಟೆಂಟ್‌ನಲ್ಲಿರುವುದು ಸೇವಂತಿಗೆ. ರಾತ್ರಿ ಉದ್ದವಿದ್ದರೇ ಅದು ಮೊಗ್ಗು ಹಿಡಿಯುವುದು. ಬೆಳೆಗಾರರ ಲೆಕ್ಕ 13 ಗಂಟೆ ಕತ್ತಲು. ಪುಣೆಯಲ್ಲಿ ಜೂನ್ ಕೊನೆಗೆ ಹಗಲೇ 13 ಗಂಟೆ ದಾಟುತ್ತದೆ. ಹಾಗಾಗಿ ಗಣಪತಿ ಹಬ್ಬಕ್ಕೆ ಹೂ ಬೇಕೆಂದರೆ ಜುಲೈ ಮೊದಲಿಂದಲೇ ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 7ಕ್ಕೆ ತೆಗೆಯಬೇಕು. ನಡುವೆ ಬೆಳಕು ಬಿತ್ತೋ, ಬೆಳಕು-ಕತ್ತಲನ್ನು ಗುರುತಿಸುವ, ಎಲೆಯ ಫೈಟೋಕ್ರೋಮ್ ವರ್ಣದ್ರವ್ಯದ ಲೆಕ್ಕ ತಪ್ಪುತ್ತದೆ: ಗಿಡಕ್ಕೆ ಅದು ಒಂದು ಉದ್ದ ರಾತ್ರಿಯಲ್ಲ, ಎರಡು ಗಿಡ್ಡ ರಾತ್ರಿ. ಹೂ ತಡೆಯಬೇಕಾದಾಗ ಬೆಳೆಗಾರರು ನಡುರಾತ್ರಿ ದೀಪ ಹಚ್ಚುವುದು ಇದೇ ಕಾರಣಕ್ಕೆ; ಅದಕ್ಕೆ 100 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಬೆಳಕು ಸಾಕು. ಇಲ್ಲಿ ಕಿಟಕಿಯ ಎದುರಿಗೇ ಸೊಸೈಟಿಯ ಎಲ್‌ಇಡಿ ಫ್ಲಡ್‌ಲೈಟ್ ಇದೆ. ಒಂದೇ ತಾಯಿಗಿಡದ ತುಂಡುಗಳಿಂದ ಬೆಳೆಸಿದ ಗಿಡಗಳಲ್ಲಿ ಹಿಂದಿನ ಮೂಲೆಯವು ಮೊಗ್ಗಾಗಿವೆ, ಜಿಪ್ ಪಕ್ಕದವು ಬರೀ ಎಲೆ ಬಿಡುತ್ತಿವೆ. ನೀರು, ಗೊಬ್ಬರ ಎಲ್ಲಕ್ಕೂ ಒಂದೇ.

ಬೆಳಕು ಎಲ್ಲಿ ಸೋರುತ್ತದೆಂದು ಹುಡುಕಲು ಒಳಗೆ ದೀಪ ಹಚ್ಚಿ ಹೊರಗಿನಿಂದ ನೋಡುವುದು ಅರ್ಧ ಪರೀಕ್ಷೆ ಅಷ್ಟೆ. ಒಳಗೆ ಕೂತು, ಹೊರಗಿನಿಂದ ಜಿಪ್ ಎಳೆಸಿ, ಕೋಣೆಯ ದೀಪಗಳನ್ನೆಲ್ಲ ಹಾಕಿಸಿ, ಕಣ್ಣು ಕತ್ತಲಿಗೆ ಹೊಂದಲು 10 ನಿಮಿಷ ಬಿಡಬೇಕು. ಇಷ್ಟು ಮಂದ ಬೆಳಕಿಗೆ ಮೊಬೈಲಿನ ಲಕ್ಸ್ ಆ್ಯಪ್ ನಂಬುವಂತಿಲ್ಲ. ಎಕ್ಸಾಸ್ಟ್ ಫ್ಯಾನ್ ಓಡುತ್ತಲೇ ಇರಬೇಕು: ಅದು ಗಾಳಿ ಎಳೆದಾಗ ಬಟ್ಟೆ ಒಳಕ್ಕೆ ಜಗ್ಗಿ, ಜಿಪ್‌ನ ಹಲ್ಲುಗಳ ಮೇಲೆ ಎಳೆತ ಬಿದ್ದು, ಸಂದು ಅಗಲವಾಗುತ್ತದೆ. ಫ್ಯಾನ್ ನಿಲ್ಲಿಸಿ ತೆಗೆದ ನಿಮ್ಮ ಜಾಹೀರಾತಿನ ಫೋಟೋದಲ್ಲಿ ಇದು ಕಾಣುವುದಾದರೂ ಹೇಗೆ?

ಹೊಲಿಗೆಯ ಸಾಲಿನಲ್ಲಿ ರವೆ ಎರಚಿದ ಹಾಗೆ ಸೂಜಿತೂತುಗಳು ಕಂಡವು. ಅವುಗಳ ಬಗ್ಗೆ ದೂರಿಲ್ಲ. ಒಳಗಿನ ಹೊಳೆಯುವ ಮೈಲಾರ್ ಪದರವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಎ.ಸಿ. ಮೆಕ್ಯಾನಿಕ್‌ಗಳು ಬಳಸುವ 2 ಇಂಚಿನ ಅಲ್ಯೂಮಿನಿಯಂ ಟೇಪನ್ನು ಚಮಚದ ಬೆನ್ನಿನಿಂದ ಒತ್ತಿದರೆ ಮುಗಿಯಿತು. (ಕರೆಂಟಿನವರ ಕಪ್ಪು ಪಿವಿಸಿ ಟೇಪ್ ಬೇಡ, ಬಿಸಿಗೆ ಗೋಂದು ಕರಗಿ ಜಾರುತ್ತದೆ.) ವೈರ್ ಹೋಗುವ ತೋಳನ್ನು ಎರಡು ಸುತ್ತು ಮಡಚಿ ದಾರ ಬಿಗಿದರೆ ಅದೂ ಸರಿ.

ಜಿಪ್‌ಗೆ ಟೇಪ್ ಹಚ್ಚುವಂತಿಲ್ಲ, ಅದನ್ನು ದಿನಾ ತೆಗೆಯಬೇಕು. ಅದರ ಹಿಂದೆ ನೀವು ಹೊಲಿದ ಮರೆಪಟ್ಟಿ 1 ಇಂಚು ಅಗಲ, ಅದೂ ನೆಟ್ಟಗಿನ ಭಾಗಕ್ಕೆ ಮಾತ್ರ. ಮೇಲೆ ಜಿಪ್ ತಿರುಗುವಲ್ಲಿ ಪಟ್ಟಿ ನಿಂತೇಹೋಗಿದೆ. ಅಲ್ಲಿ 8 ಇಂಚು ಉದ್ದಕ್ಕೆ 3 ಮಿ.ಮೀ. ಸಂದು, ಎರಡು ಕಾಸಿನ ಬಟ್ಟೆ ಉಳಿಸಿದ ಫಲ.

ಗಾಳಿಕಿಂಡಿಯದು ಇನ್ನೂ ಕೆಟ್ಟ ಯೋಚನೆ. ಈ ಟೆಂಟ್‌ನ ಒಳಜಾಗ 104 ಘನ ಅಡಿ. ನಿಮಿಷಕ್ಕೊಮ್ಮೆ ಗಾಳಿ ಬದಲಾಗಲು ಫ್ಯಾನ್ ಅಷ್ಟೇ ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಎಳೆಯಬೇಕು. 6 ಇಂಚಿನ ಎಕ್ಸಾಸ್ಟ್ ಬಾಯಿ 28 ಚದರ ಇಂಚು. ಒಳಬರುವ ದಾರಿ ಅದರ ಎರಡರಷ್ಟಾದರೂ ಇರಬೇಕು. ನಿಮ್ಮ ಕಿಂಡಿಗಳು ಅಳತೆಯಲ್ಲಿ ಸಾಕು, ಆದರೆ ಇರುವುದು ಒಂದು ಪದರ ಬಲೆ ಮತ್ತು ವೆಲ್ಕ್ರೋ ಮುಚ್ಚಳ. ತೆರೆದರೆ ಬೆಳಕು, ಮುಚ್ಚಿದರೆ ಉಸಿರುಗಟ್ಟಿ ಬಟ್ಟೆ ಇನ್ನಷ್ಟು ಜಗ್ಗುತ್ತದೆ, ಜಿಪ್ ಇನ್ನಷ್ಟು ಬಾಯಿಬಿಡುತ್ತದೆ. ಮಳೆಗಾಲದಲ್ಲಂತೂ ಒಳಗೆ ತೇವ ನಿಂತು ಎಲೆಗೆ ಬೂದಿರೋಗ ಬರಲು ಹೆಚ್ಚು ದಿನ ಬೇಡ. ಗಾಳಿ ಎರಡು ಕಡೆ ಮುರಿದು ತಿರುಗುವ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ ಡಬ್ಬಿಯೊಂದನ್ನು ಕಿಂಡಿಗೆ ಕೂಡಿಸಿದ್ದರೆ ಸಾಕಿತ್ತು: ಗಾಳಿ ತಿರುಗಿಕೊಂಡು ಬರುತ್ತದೆ, ಬೆಳಕಿಗೆ ತಿರುಗಲು ಬಾರದು.

ಆದ್ದರಿಂದ ಜಿಪ್‌ನ ಪೂರ್ತಿ ಉದ್ದಕ್ಕೂ, ತಿರುವಿನಲ್ಲೂ ಸೇರಿ, 2 ಇಂಚಿನ ವೆಲ್ಕ್ರೋ ಮರೆಪಟ್ಟಿ ಇರುವ ಬೇರೆ ಬಾಗಿಲು ಮತ್ತು ಎರಡು ಕಿಂಡಿಗೂ ಬೆಳಕು ತಡೆಯುವ ಡಬ್ಬಿ ಕಳುಹಿಸಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಕೊಟ್ಟು, ಟೆಂಟನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ. ‘100% ಬೆಳಕು ನಿರೋಧಕ’ ಎಂಬ ಸಾಲನ್ನು ಅಲ್ಲಿಯವರೆಗೆ ಜಾಹೀರಾತಿನಿಂದ ತೆಗೆದುಹಾಕಿ.

2020ರ ಇ-ಕಾಮರ್ಸ್ (ಆನ್‌ಲೈನ್ ಮಾರಾಟದ) ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಆಮೇಲೆ ಪುಣೆಯ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಂಡವರು ವಾಸಿಸುವ ಊರಿನಲ್ಲೇ ದೂರು ಕೊಡಬಹುದು.

ಬಿಲ್ಲಿನ ಪ್ರತಿ, ಫ್ಯಾನ್ ಓಡುವಾಗ ಮತ್ತು ನಿಲ್ಲಿಸಿದಾಗ ಒಳಗಿನಿಂದ ತೆಗೆದ ಜಿಪ್ ತಿರುವಿನ ಎರಡು ಫೋಟೋ ಲಗತ್ತಿಸಿದ್ದೇವೆ.

ಇಂತಿ,
ಟೆಂಟ್ ಕೊಂಡವರು