ಅಪ್‌ಡೇಟ್ ಆದ ಮೇಲೆ ಖಾಲಿಯಾದ ವೈಫೈ ದಾಖಲೆ: ಒಂದು ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ವೈಫೈ ಸ್ಕ್ಯಾನ್ ಕಮಾಂಡನ್ನು ಮುನ್ಸೂಚನೆ ಇಲ್ಲದೆ ತೆಗೆದದ್ದು, ನನ್ನ ದೂರಿನ ಟಿಕೆಟನ್ನು ಓದದೆಯೇ ಮುಚ್ಚಿದ್ದು

ಮಾನ್ಯರೇ,

ನಿಮ್ಮ ಲಿನಕ್ಸ್ ಸಿಸ್ಟಮ್ಮನ್ನು ನಾನು ಆರು ವರ್ಷದಿಂದ ಬಳಸುತ್ತಿದ್ದೇನೆ. ಪ್ರತಿ ವರ್ಷ ತಪ್ಪದೆ ಸಪೋರ್ಟ್ ಶುಲ್ಕ ಕಟ್ಟುತ್ತೇನೆ. ನಾಲ್ಕು ಮಹಡಿಯ ಕಟ್ಟಡವೊಂದರ ವೈಫೈ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ಮಹಡಿಯಲ್ಲೂ ಒಂದು ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಅದರಲ್ಲಿ 15 ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ (ಕಮಾಂಡುಗಳನ್ನು ತಾನಾಗಿ ಓಡಿಸುವ ಚಿಕ್ಕ ಪ್ರೋಗ್ರಾಮ್) ಓಡಿ, ಸುತ್ತಲಿನ ನೆಟ್‌ವರ್ಕ್‌ಗಳ ಹೆಸರು, ಚಾನೆಲ್, ಸಿಗ್ನಲ್ ಬರೆದಿಡುತ್ತದೆ. ಯಾವ ಮೂಲೆಯಲ್ಲಿ ಸಿಗ್ನಲ್ ಬಿದ್ದಿದೆ ಅಂತ ಜನ ಬಂದು ಹೇಳುವ ಮೊದಲೇ ನನಗೆ ಗೊತ್ತಾಗುತ್ತಿದ್ದದ್ದು ಇದರಿಂದ.

ಕಳೆದ ತಿಂಗಳು ನಿಮ್ಮ ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿದೆ. ವೈಫೈ ಸರಿಯಾಗೇ ಇತ್ತು. ಸ್ಕ್ರಿಪ್ಟ್ ಹೊತ್ತಿಗೆ ಸರಿಯಾಗಿ ಓಡುತ್ತಲೂ ಇತ್ತು. ಆದರೆ ಒಂಬತ್ತು ದಿನ ಅದು ಬರೆದದ್ದು ಬರೀ ಖಾಲಿ ಫೈಲು. ಆ ನಡುವೆ ಮೂರನೇ ಮಹಡಿಯ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಕೆಟ್ಟಿತು. ಯಾವಾಗ ಕೆಟ್ಟಿತು ಅಂತ ನೋಡಲು ಹೋದರೆ ಒಂದು ಸಾಲೂ ಇಲ್ಲ. ಆ ಒಂಬತ್ತು ದಿನದ ದಾಖಲೆ ಇನ್ನು ಯಾರಿಂದಲೂ ವಾಪಸ್ ಬರುವುದಿಲ್ಲ.

ಎರರ್ ಮೆಸೇಜ್ ಕಾಣದಂತೆ ಸ್ಕ್ರಿಪ್ಟ್ ಬರೆದದ್ದು ನನ್ನ ತಪ್ಪು, ಒಪ್ಪುತ್ತೇನೆ. ಅದನ್ನು ಸರಿಮಾಡಿ ಓಡಿಸಿದಾಗ ಕಂಡಿದ್ದು ‘ಕಮಾಂಡ್ ನಾಟ್ ಫೌಂಡ್’. ಆರು ವರ್ಷ ನಿಮ್ಮ ಸಿಸ್ಟಮ್ಮಿನ ಜೊತೆಗೇ ಬರುತ್ತಿದ್ದ ‘ಐಡಬ್ಲ್ಯೂಲಿಸ್ಟ್’ ಅನ್ನುವ ವೈಫೈ ಸ್ಕ್ಯಾನ್ ಕಮಾಂಡ್ ಮಾಯವಾಗಿತ್ತು. ಅದು ಹಳೆಯದು, ಅದರ ಜಾಗಕ್ಕೆ ‘ಐಡಬ್ಲ್ಯೂ’ ಬಂದು ಬಹಳ ಕಾಲವಾಗಿದೆ ಅಂತ ನನಗೂ ಗೊತ್ತು. ತೆಗೆದದ್ದಕ್ಕೆ ನನ್ನ ತಕರಾರಿಲ್ಲ. ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಅಂತ ಹೇಳುವ ರಿಲೀಸ್ ನೋಟ್ಸನ್ನು ಎರಡು ಸಲ ಓದಿದೆ. ವಾಲ್‌ಪೇಪರ್ ಬದಲಾದದ್ದು ಅದರಲ್ಲಿದೆ, ಇದು ಇಲ್ಲ.

ಹೊಸ ಕಮಾಂಡ್ ಹಾಕಿದೆ. ಆಗ ‘ನೋ ಸಚ್ ಡಿವೈಸ್’ ಅಂದಿತು. ವೈಫೈ ಕಾರ್ಡಿನ ಹೆಸರು ‘ಡಬ್ಲ್ಯೂಲ್ಯಾನ್0’ ಇದ್ದದ್ದು ‘ಡಬ್ಲ್ಯೂಎಲ್‌ಪಿ2ಎಸ್0’ ಆಗಿತ್ತು. ಹೆಸರು ತಿದ್ದಿದರೆ ‘ಆಪರೇಷನ್ ನಾಟ್ ಪರ್ಮಿಟೆಡ್’. ಹಳೆಯ ಕಮಾಂಡ್ ಸಾಮಾನ್ಯ ಬಳಕೆದಾರನಿಗೂ ಹಿಂದಿನ ಸ್ಕ್ಯಾನಿನ ಫಲಿತಾಂಶವನ್ನಾದರೂ ಕೊಡುತ್ತಿತ್ತು. ಇದು ಹೊಸದಾಗಿ ಸ್ಕ್ಯಾನ್ ಮಾಡಲು ರೂಟ್ (ಸಿಸ್ಟಮ್ಮಿನ ಪೂರ್ಣ ಅಧಿಕಾರದ) ಅನುಮತಿ ಕೇಳುತ್ತದೆ. ಅದನ್ನೂ ಕೊಟ್ಟೆ. ಆಮೇಲೂ ಆಗೊಮ್ಮೆ ಈಗೊಮ್ಮೆ ‘ಡಿವೈಸ್ ಆರ್ ರಿಸೋರ್ಸ್ ಬಿಸಿ’ ಅನ್ನುವ ಎರರ್, ಅದರ ಸಂಖ್ಯೆ ಮೈನಸ್ 16. ಸಿಸ್ಟಮ್ಮಿನ ವೈಫೈ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಅದೇ ಹೊತ್ತಿಗೆ ತಾನೂ ಸ್ಕ್ಯಾನ್ ಮಾಡುತ್ತಿತ್ತು. ಐದು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುವಂತೆ ಬರೆದ ಮೇಲೆ ಅದು ನಿಂತಿತು.

ಜಾಸ್ತಿ ಹೊತ್ತು ಹಿಡಿದದ್ದು ಇದರ ನಂತರದ ಕೆಲಸ: ಹೊಸ ಕಮಾಂಡ್ ಕೊಡುವ ಸಾಲುಗಳನ್ನು ಸ್ಕ್ರಿಪ್ಟಿಗೆ ಓದಿಸುವುದು. ‘ಇಎಸ್‌ಎಸ್‌ಐಡಿ’ ಅಂತ ನೆಟ್‌ವರ್ಕ್ ಹೆಸರಿನ ಮುಂದೆ ಇದ್ದ ಕಡೆ ಈಗ ‘ಎಸ್‌ಎಸ್‌ಐಡಿ’. ಗಿಗಾಹರ್ಟ್ಸ್‌ನಲ್ಲಿ ಚಾನೆಲ್ಲಿನ ಫ್ರೀಕ್ವೆನ್ಸಿ 2.412 ಅಂತ ಬರುತ್ತಿದ್ದದ್ದು ಈಗ ಮೆಗಾಹರ್ಟ್ಸ್‌ನಲ್ಲಿ 2412. ಪ್ರತಿ ಸಾಲನ್ನೂ ಬೇರೆ ರೀತಿ ಓದಬೇಕಾಯಿತು. ‘ಐಡಬ್ಲ್ಯೂ’ದ ಹೆಲ್ಪ್ ಸಾಲುಗಳಲ್ಲೇ ಒಂದು ಎಚ್ಚರಿಕೆಯೂ ಇದೆ: ಇದರ ಔಟ್‌ಪುಟ್ ಬದಲಾಗಬಹುದು, ಸ್ಕ್ರಿಪ್ಟಿನಿಂದ ಓದಬೇಡಿ ಅಂತ. ಹಾಗಾದರೆ ನೆಟ್‌ವರ್ಕ್‌ಮ್ಯಾನೇಜರಿನ ಕಮಾಂಡ್ ಆದ ‘ಎನ್‌ಎಂಸಿಎಲ್‌ಐ’ ಬಳಸೋಣ ಅಂದರೆ, ಅದು ಸಿಗ್ನಲ್ಲನ್ನು 0ಯಿಂದ 100ರ ಅಂಕದಲ್ಲಿ ಕೊಡುತ್ತದೆ. ನನ್ನ ಆರು ವರ್ಷದ ದಾಖಲೆ ಪೂರ್ತಿ ಸಿಗ್ನಲ್ ಬಲದ ಅಳತೆಯಾದ ಡಿಬಿಎಂನಲ್ಲಿದೆ. ಮೈನಸ್ 67 ಡಿಬಿಎಂ ಅಂತ ಇರುವ ಕಡೆ ಇವತ್ತಿನಿಂದ ಇಂಥ ಅಂಕ ಬರೆದರೆ ಎರಡನ್ನೂ ಹೋಲಿಸುವುದು ಹೇಗೆ? ಕೊನೆಗೆ ಎಚ್ಚರಿಕೆ ಗೊತ್ತಿದ್ದೂ ‘ಐಡಬ್ಲ್ಯೂ’ವನ್ನೇ ಇಟ್ಟುಕೊಂಡೆ. ಎಲ್ಲ ಸೇರಿ ನಾಲ್ಕು ಸಂಜೆ ಹೋಯಿತು.

ನಿಮ್ಮ ಸಪೋರ್ಟ್ ವಿಭಾಗ ಮೂರು ಉತ್ತರ ಕೊಟ್ಟಿತು. ರೀಸ್ಟಾರ್ಟ್ ಮಾಡಿ. ಡ್ರೈವರ್ ಮತ್ತೆ ಹಾಕಿ. ಗ್ರಾಹಕರು ಬರೆದ ಸ್ಕ್ರಿಪ್ಟಿಗೆ ಸಪೋರ್ಟ್ ಇಲ್ಲ, ಟಿಕೆಟ್ ಮುಚ್ಚಲಾಗಿದೆ. ನನ್ನ ಸ್ಕ್ರಿಪ್ಟ್ ರಿಪೇರಿ ಮಾಡಿಕೊಡಿ ಅಂತ ನಾನು ಕೇಳಿರಲೇ ಇಲ್ಲ. ನನ್ನ ಮೊದಲ ಪತ್ರದ ಮೊದಲ ಸಾಲಿನಲ್ಲೇ ಕಮಾಂಡಿನ ಹೆಸರಿತ್ತು. ‘ಅದನ್ನು ತೆಗೆದಿದ್ದೇವೆ, ಇದನ್ನು ಬಳಸಿ’ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ವಾ? ಆ ಪತ್ರವನ್ನು ಯಾರೂ ಪೂರ್ತಿ ಓದಲಿಲ್ಲ ಅನ್ನುವುದೇ ನನಗೆ ಹೆಚ್ಚು ಬೇಸರ ತಂದಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ತೆಗೆದ ಕಮಾಂಡುಗಳ ಪಟ್ಟಿಯನ್ನು, ಕಾರ್ಡಿನ ಹೆಸರು ಬದಲಾಗಬಹುದು ಅನ್ನುವ ಮಾತನ್ನು ರಿಲೀಸ್ ನೋಟ್ಸಿಗೆ ಈಗಲಾದರೂ ಸೇರಿಸಿ. ಮುಂದೆ ಯಾವುದಾದರೂ ಕಮಾಂಡ್ ತೆಗೆಯುವುದಿದ್ದರೆ, ಕನಿಷ್ಠ ಒಂದು ಆವೃತ್ತಿಯ ಮಟ್ಟಿಗೆ ಅದೇ ಹೆಸರಿನಲ್ಲಿ ‘ಇದು ಈಗಿಲ್ಲ, ಬದಲಿಗೆ ಇದನ್ನು ಬಳಸಿ’ ಅಂತ ತೋರಿಸುವ ಚಿಕ್ಕ ಪ್ರೋಗ್ರಾಮ್ ಇಡಿ. ನನ್ನ ಟಿಕೆಟನ್ನು ಮತ್ತೆ ತೆರೆದು, ವಿಷಯ ಗೊತ್ತಿರುವ ಎಂಜಿನಿಯರ್ ಒಬ್ಬರಿಗೆ ಕೊಡಿ. ಅವರಿಗೆ ಬೇಕಾದರೆ ತಿದ್ದಿದ ಸ್ಕ್ರಿಪ್ಟ್, ಎರರ್‌ಗಳ ಪೂರ್ತಿ ದಾಖಲೆ ಎರಡನ್ನೂ ಕಳಿಸುತ್ತೇನೆ.

15 ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಸಪೋರ್ಟ್ ಪ್ಲಾನ್ ಮುಂದಿನ ತಿಂಗಳು ಮುಗಿಯುತ್ತದೆ. ಅದನ್ನು ಮುಂದುವರಿಸಬೇಕೋ ಬೇಡವೋ ಅಂತ ಆ ಉತ್ತರ ನೋಡಿ ತೀರ್ಮಾನಿಸುತ್ತೇನೆ.

ಇಂತಿ,
ನಿಮ್ಮ ಆರು ವರ್ಷದ ಗ್ರಾಹಕ