ತೂಕ ಇಳಿಸುವ ಸರ್ಜರಿ ಆದವರು ಹಬ್ಬದ ಸಿಹಿ ತಿನ್ನುವ ಮುನ್ನ

ಎಲ್ಲರಿಗೂ ನಮಸ್ಕಾರ. ಹೋಳಿಗೆ, ಪಾಯಸ ತಿನ್ನಬಹುದಾ ಅಂತ ತುಂಬಾ ಜನ ಕೇಳಿದ್ದೀರಿ. ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆಯನ್ನು ಚಿಕ್ಕದು ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುವ ಸರ್ಜರಿ) ಆದವರಲ್ಲಿ ಸಕ್ಕರೆ ಬೇಗ ಸಣ್ಣ ಕರುಳಿಗೆ ಇಳಿಯುತ್ತದೆ. 10ರಿಂದ 30 ನಿಮಿಷದಲ್ಲಿ ಹೊಟ್ಟೆ ನುಲಿತ, ಬೆವರು, ಎದೆ ಡವಡವ, ಭೇದಿ ಶುರುವಾಗಬಹುದು. ಇದೇ ಡಂಪಿಂಗ್. 1ರಿಂದ 3 ಗಂಟೆ ಬಿಟ್ಟು ಶುಗರ್ ಇಳಿದು ಕೈ ನಡುಗುವುದೂ ಉಂಟು. ಅದನ್ನು ಸುಮ್ನೆ ಸುಸ್ತು ಅಂತ ಬಿಡಬೇಡಿ, ಡಾಕ್ಟರಿಗೆ ಹೇಳಿ. ಸ್ಲೀವ್ (ಹೊಟ್ಟೆಯ ದೊಡ್ಡ ಭಾಗ ಕತ್ತರಿಸಿ ತೆಗೆಯುವ ಸರ್ಜರಿ) ಆದವರಿಗೆ ಡಂಪಿಂಗ್ ಕಡಿಮೆ, ಆದರೆ ಬರುವುದೇ ಇಲ್ಲ ಅಂತಲ್ಲ.

ಪಾಯಸ, ಜ್ಯೂಸ್‌ನಂಥ ನೀರಾದ ಸಿಹಿಯೇ ಜಾಸ್ತಿ ತೊಂದರೆ ಕೊಡುತ್ತದೆ. ಬೆಲ್ಲದ್ದಾದರೂ ಅಷ್ಟೇ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಮೊದಲು ಮೊಟ್ಟೆ, ಪನೀರ್, ಬೇಳೆ ತಿನ್ನಿ. ನೀರು ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಮನೆಯವರೂ ಈ ಗುಂಪಿನಲ್ಲಿದ್ದೀರಿ, ಅಲ್ವಾ? ದಯವಿಟ್ಟು ಬಡಿಸುವಾಗ ಒತ್ತಾಯ ಮಾಡಬೇಡಿ.